ತಲೆಬುರುಡೆ ಅಚ್ಚು ಹಾಕಿದ ಪತ್ರಿಕೆ: 1765ರ ಛಾಪಾ ಕಾಗದದ ಗಲಾಟೆಯನ್ನು ಓದುವ ಬಗೆ

ಮೊದಲು ಪರದೆಯ ಮೇಲಿರುವ ಈ ಹಾಳೆಯನ್ನು ಸ್ವಲ್ಪ ಹೊತ್ತು ಸುಮ್ನೆ ನೋಡಿ. ಇದು ಫಿಲಡೆಲ್ಫಿಯಾದ 'ಪೆನ್ಸಿಲ್ವೇನಿಯಾ ಜರ್ನಲ್' ಪತ್ರಿಕೆಯ 1765ರ ಅಕ್ಟೋಬರ್ 31ರ ಸಂಚಿಕೆ. ಮೊದಲ ಪುಟವನ್ನೇ ಗೋರಿಕಲ್ಲಿನ ಆಕಾರದಲ್ಲಿ ಜೋಡಿಸಿದ್ದಾರೆ. ಸುತ್ತ ದಪ್ಪ ಕಪ್ಪು ಪಟ್ಟಿ, ಮೇಲೆ ತಲೆಬುರುಡೆ, ಮೂಳೆಗಳು, ಗುಂಡಿ ತೋಡುವ ಗುದ್ದಲಿ. ಪತ್ರಿಕೆ ತಾನು ಸಾಯುತ್ತಿದ್ದೇನೆ, ಮತ್ತೆ ಎದ್ದು ಬರುವ ಆಸೆ ಇದೆ ಅಂತ ತಲೆಬರಹದಲ್ಲೇ ಹೇಳಿಕೊಂಡಿದೆ. ಮರುದಿನ, ಅಂದರೆ ನವೆಂಬರ್ 1ರಿಂದ, ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲಿ ಸ್ಟಾಂಪ್ ಆ್ಯಕ್ಟ್, ಅಂದರೆ ಛಾಪಾ ಕಾಗದದ ತೆರಿಗೆ ಹಾಕುವ ಕಾಯ್ದೆ, ಜಾರಿಗೆ ಬರುವುದಿತ್ತು.

ಎಲ್ಲರೂ ತಲೆಬುರುಡೆ ನೋಡುತ್ತಾರೆ, ಶಾಲಾ ಪುಸ್ತಕಗಳಲ್ಲೂ ಅದೇ ಅಚ್ಚಾಗುತ್ತದೆ. ನೀವು ಅದರ ಕೆಳಗಿನ ಪ್ರಕಟಣೆ ಓದಿ. ಮುದ್ರಕ ವಿಲಿಯಂ ಬ್ರಾಡ್‌ಫರ್ಡ್ ತನ್ನ ಹೆಸರು ಹಾಕಿ ಬರೆದದ್ದು ಅದು. ಈ ಭಾರ ಹೊರಲು ತನ್ನಿಂದ ಆಗುವುದಿಲ್ಲ, ನಮಗಾಗಿ ಬೆಸೆದಿರುವ ಸರಪಳಿಯಿಂದ, ಸಹಿಸಲಾಗದ ಈ ಗುಲಾಮಗಿರಿಯಿಂದ ತಪ್ಪಿಸಿಕೊಳ್ಳುವ ದಾರಿ ಇದೆಯೇ ಅಂತ ಯೋಚಿಸಲು ಪತ್ರಿಕೆಯನ್ನು ಸ್ವಲ್ಪ ಕಾಲ ನಿಲ್ಲಿಸುತ್ತಿದ್ದೇನೆ ಅನ್ನುತ್ತಾನೆ. ಅದಾದ ಮೇಲೆ, ಅದೇ ಪ್ರಕಟಣೆಯಲ್ಲಿ, ಚಂದಾದಾರರಲ್ಲಿ ಬಹಳ ಜನ ಎಷ್ಟೋ ಕಾಲದಿಂದ ಬಾಕಿ ಉಳಿಸಿಕೊಂಡಿದ್ದೀರಿ, ದಯವಿಟ್ಟು ಕೂಡಲೇ ಕೊಟ್ಟು ತೀರಿಸಿ ಅಂತ ಕೇಳುತ್ತಾನೆ.

ನನಗೆ ಈ ಪ್ರಕಟಣೆ ಬಹಳ ಮುಖ್ಯ ಅನಿಸುತ್ತದೆ. ಸ್ವಾತಂತ್ರ್ಯದ ಮಾತು, ಬಾಕಿ ವಸೂಲಿಯ ಮಾತು ಎರಡೂ ಒಂದೇ ಉಸಿರಿನಲ್ಲಿ ಬಂದಿವೆ. ಎರಡೂ ನಿಜ. ಒಂದು ನಿಜವಾದ್ದರಿಂದ ಇನ್ನೊಂದು ನಾಟಕ ಆಗುವುದಿಲ್ಲ. ತೆರಿಗೆ ಗಲಾಟೆಗಳ ಹಳೆಯ ಪತ್ರಿಕಾ ವರದಿ ಓದುವಾಗ ನಾವು ಮರೆಯುವುದು ಇದನ್ನೇ. ಆ ಪತ್ರಿಕೆ ದೂರ ನಿಂತು ನೋಡಿದ ಸಾಕ್ಷಿ ಅಲ್ಲ, ಜಗಳದಲ್ಲಿ ಅದೂ ಒಬ್ಬ ಪಕ್ಷಗಾರ. ಈ ಸಂಜೆ ನಾನು ಹೇಳಬೇಕೆಂದಿರುವುದು ಇಷ್ಟೇ, ಆದರೆ ಉದಾಹರಣೆಗಳಿಲ್ಲದೆ ಹೇಳಿದರೆ ಅದಕ್ಕೆ ಬೆಲೆ ಇಲ್ಲ.

ತೆರಿಗೆ ಏನಿತ್ತು ಅಂತ ಬೇಗ ಹೇಳಿಬಿಡುತ್ತೇನೆ. 1763ರಲ್ಲಿ ಏಳು ವರ್ಷಗಳ ಯುದ್ಧ ಮುಗಿಯಿತು. ಬ್ರಿಟನ್ ಗೆದ್ದಿತು, ಆದರೆ ಅದರ ಸಾಲ ಹೆಚ್ಚುಕಡಿಮೆ ಇಮ್ಮಡಿ ಆಗಿತ್ತು. ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇಟ್ಟುಕೊಳ್ಳುವ ಯೋಜನೆ ಬೇರೆ. ಖರ್ಚಿನಲ್ಲಿ ಒಂದು ಪಾಲನ್ನು ಅಲ್ಲಿನವರೇ ಕೊಡಲಿ ಅಂತ ಪ್ರಧಾನಿ ಜಾರ್ಜ್ ಗ್ರೆನ್ವಿಲ್ ಈ ಕಾಯ್ದೆ ತಂದ. 1765ರ ಮಾರ್ಚ್ 22ಕ್ಕೆ ರಾಜನ ಒಪ್ಪಿಗೆ ಸಿಕ್ಕಿತು. ಬಾಡಿಗೆ ಕರಾರಿಗೆ, ಅಫಿಡವಿಟ್ಟಿಗೆ ನಾವು ಇವತ್ತಿಗೂ ಛಾಪಾ ಕಾಗದ ತರುತ್ತೇವೆ ಅಲ್ವಾ, ಬಗೆ ಅದೇ. ಆದರೆ ಅಲ್ಲಿ ಪತ್ರಿಕೆ, ಪಂಚಾಂಗ, ಕರಪತ್ರ, ಇಸ್ಪೀಟು ಎಲೆ ಎಲ್ಲದಕ್ಕೂ ಮುದ್ರೆ ಬೇಕಿತ್ತು. ಇಸ್ಪೀಟಿನ ಒಂದು ಕಟ್ಟಿಗೆ 1 ಷಿಲಿಂಗ್, ಒಂದು ಜೊತೆ ದಾಳಕ್ಕೆ 10 ಷಿಲಿಂಗ್, ಕಾಲೇಜಿನ ಪದವಿ ಪತ್ರಕ್ಕೆ 2 ಪೌಂಡ್, ವಕೀಲಿಕೆಯ ಸನದಿಗೆ 10 ಪೌಂಡ್. ಪತ್ರಿಕೆಗೆ ಹಾಳೆಯ ಅಳತೆ ನೋಡಿ ಪ್ರತಿಗೆ ಅರ್ಧ ಪೆನ್ನಿ ಅಥವಾ ಒಂದು ಪೆನ್ನಿ, ಅದರಲ್ಲಿ ಬರುವ ಒಂದೊಂದು ಜಾಹೀರಾತಿಗೂ 2 ಷಿಲಿಂಗ್. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿದ್ದರೆ ಎರಡರಷ್ಟು. ಪೆನ್ಸಿಲ್ವೇನಿಯಾದಲ್ಲಿ ಜರ್ಮನ್ ಮಾತಾಡುವ ರೈತರು, ಅವರಿಗೆ ಅವರದೇ ಭಾಷೆಯ ಪತ್ರಿಕೆಗಳು ಇದ್ದವು. ಅವರ ಮೇಲೆ ಇದು ನೇರ ಪೆಟ್ಟು. ಕಾಯ್ದೆ ಮುರಿದವರ ವಿಚಾರಣೆಯನ್ನು ಜ್ಯೂರಿ ಇಲ್ಲದ ನೌಕಾ ನ್ಯಾಯಾಲಯದಲ್ಲಿ ನಡೆಸಬಹುದಿತ್ತು.

ಗ್ರೆನ್ವಿಲ್‌ಗೆ ಇದು ದೊಡ್ಡ ವಿಷಯ ಅನಿಸಿರಲೇ ಇಲ್ಲ. ಬ್ರಿಟನ್ನಿನಲ್ಲಿ ಛಾಪಾ ತೆರಿಗೆ 1694ರಿಂದ ಇತ್ತು, ಪತ್ರಿಕೆಗಳ ಮೇಲೆ 1712ರಿಂದ ಇತ್ತು. ಅಮೆರಿಕದವರ ತಕರಾರು ಮೊತ್ತದ ಬಗ್ಗೆ ಅಷ್ಟಾಗಿ ಅಲ್ಲ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ನಮ್ಮ ಕಡೆಯವರು ಒಬ್ಬರೂ ಇಲ್ಲ, ಅವರು ನಮ್ಮ ಜೇಬಿಗೆ ಕೈ ಹಾಕುವುದು ಯಾವ ನ್ಯಾಯ ಅನ್ನುವುದು ಅವರ ಪ್ರಶ್ನೆ. ಆದರೆ ಗ್ರೆನ್ವಿಲ್ ಮಾಡಿದ ಇನ್ನೊಂದು ಎಡವಟ್ಟು ನೋಡಿ. ವಕೀಲ, ಮುದ್ರಕ, ವ್ಯಾಪಾರಿ, ಹೆಂಡದಂಗಡಿಯವನು, ಊರಿನಲ್ಲಿ ಯಾರ ದನಿ ಜೋರೋ ಅವರೆಲ್ಲರ ಮೇಲೂ ಒಟ್ಟಿಗೇ ತೆರಿಗೆ ಹಾಕಿದ. 1789ರಲ್ಲಿ, ಮುಂದೆ ನಡೆದ ಅಮೆರಿಕದ ಕ್ರಾಂತಿಯ ಇತಿಹಾಸ ಬರೆದ ದಕ್ಷಿಣ ಕೆರೊಲಿನಾದವರೊಬ್ಬರು, ಪತ್ರಿಕೆಗಳ ಮೇಲೆ ಭಾರೀ ತೆರಿಗೆ ಬಿದ್ದದ್ದೇ ಅಮೆರಿಕದ ಸ್ವಾತಂತ್ರ್ಯದ ಅದೃಷ್ಟ ಅಂದರು. ಮುದ್ರಕರು ಸ್ವಾತಂತ್ರ್ಯದ ಕಡೆ ನಿಲ್ಲುವವರು ಹೌದು, ತಮ್ಮ ಲಾಭದ ಮೇಲೂ ಅಷ್ಟೇ ಕಣ್ಣಿಡುವವರು ಅಂತಲೂ ಸೇರಿಸಿದರು. ಬ್ರಾಡ್‌ಫರ್ಡ್‌ನ ಪ್ರಕಟಣೆ ಓದಿದ ಮೇಲೆ ಈ ಮಾತು ಅರ್ಥ ಆಗುತ್ತದೆ.

ಆಗಿನ ಪತ್ರಿಕೆ ಅಂದರೆ ಏನು ಅಂತ ಕಣ್ಣಿಗೆ ಕಟ್ಟಿಕೊಳ್ಳಬೇಕು. ವಾರಕ್ಕೊಂದು ಸಲ, ನಾಲ್ಕು ಪುಟ. ಚಿಂದಿ ಬಟ್ಟೆಯಿಂದ ಮಾಡಿದ ಕಾಗದ. ಮರದ ಅಚ್ಚುಯಂತ್ರ, ಒಬ್ಬ ಅಕ್ಷರದ ಮೊಳೆಗಳಿಗೆ ಮಸಿ ಹಚ್ಚಬೇಕು, ಇನ್ನೊಬ್ಬ ಹಿಡಿ ಎಳೆಯಬೇಕು. ಪ್ರತಿಗಳು ಕೆಲವು ನೂರು, ಬಹಳ ಓಡುವ ಪತ್ರಿಕೆ ಆದರೆ 2,000ದ ಆಸುಪಾಸು. ಆದರೆ ಒಂದು ಪ್ರತಿಯನ್ನು ಹೆಂಡದಂಗಡಿಯಲ್ಲಿ ಒಬ್ಬ ಗಟ್ಟಿಯಾಗಿ ಓದಿದರೆ ಸುತ್ತ ಕೂತ ಎಲ್ಲರೂ ಕೇಳುತ್ತಿದ್ದರು. ವರದಿಗಾರ ಅನ್ನುವ ನೌಕರಿಯೇ ಇರಲಿಲ್ಲ. ಮುದ್ರಕರು ತಮ್ಮ ಪತ್ರಿಕೆಯನ್ನು ಒಬ್ಬರಿಗೊಬ್ಬರು ಅಂಚೆಯಲ್ಲಿ ಪುಕ್ಕಟೆ ಕಳಿಸಿಕೊಳ್ಳುತ್ತಿದ್ದರು, ಬಂದದ್ದರಲ್ಲಿ ಬೇಕಾದ್ದನ್ನು ಎತ್ತಿ ಹಾಗೇ ಮತ್ತೆ ಮೊಳೆ ಜೋಡಿಸುತ್ತಿದ್ದರು. ಬಾಸ್ಟನ್ನಿನ ಒಂದು ಪ್ಯಾರಾ ಕೆಲವು ವಾರಗಳ ಮೇಲೆ ದೂರದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಅಕ್ಷರ ಬಿಡದೆ ಸಿಗುವುದು ಇದಕ್ಕೇ. ಹತ್ತು ಪತ್ರಿಕೆಯಲ್ಲಿ ಒಂದೇ ಸುದ್ದಿ ಕಂಡರೆ ಹತ್ತು ಸಾಕ್ಷಿ ಅಂದುಕೊಳ್ಳಬೇಡಿ. ಸಾಕ್ಷಿ ಒಂದೇ, ಅಚ್ಚು ಹತ್ತು.

ಈಗ ವರ್ಜೀನಿಯಾದ ಕಥೆಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1765ರ ಮೇ ಕೊನೆಯಲ್ಲಿ ವರ್ಜೀನಿಯಾದ ಪ್ರತಿನಿಧಿ ಸಭೆಯಲ್ಲಿ ಪ್ಯಾಟ್ರಿಕ್ ಹೆನ್ರಿ ಎಂಬ ಹೊಸ ಸದಸ್ಯ ತೆರಿಗೆಯ ವಿರುದ್ಧ ನಿರ್ಣಯಗಳನ್ನು ಮಂಡಿಸಿದ. ಅಧಿವೇಶನ ಮುಗಿಯುವ ಹೊತ್ತು, ಬಹಳಷ್ಟು ಸದಸ್ಯರು ಆಗಲೇ ಊರಿಗೆ ಹೊರಟುಹೋಗಿದ್ದರು. ಐದು ನಿರ್ಣಯ ಪಾಸಾದವು. ಹೆನ್ರಿ ಊರು ಬಿಟ್ಟ ಮೇಲೆ, ಮರುದಿನವೇ, ಐದನೆಯದನ್ನು ಸಭೆ ವಾಪಸ್ ತೆಗೆದುಕೊಂಡಿತು. ದಫ್ತರದಲ್ಲಿ ಉಳಿದದ್ದು ನಾಲ್ಕು. ಆ ನಾಲ್ಕು ಅಷ್ಟೇನೂ ಬಿಸಿ ಇಲ್ಲದ ಮಾತುಗಳು. ಸಭೆ ನಡೆದ ವಿಲಿಯಮ್ಸ್‌ಬರ್ಗಿನ ಪತ್ರಿಕೆ ಈ ನಿರ್ಣಯಗಳನ್ನು ಅಚ್ಚು ಹಾಕಲೇ ಇಲ್ಲ.

ಆದರೆ ಜೂನ್ 24ಕ್ಕೆ ದೂರದ ರೋಡ್ ಐಲೆಂಡಿನ 'ನ್ಯೂಪೋರ್ಟ್ ಮರ್ಕ್ಯುರಿ' ಆರು ನಿರ್ಣಯ ಪ್ರಕಟಿಸಿತು. ಸಭೆ ಒಪ್ಪದೇ ಇದ್ದದ್ದೂ ಅದರಲ್ಲಿ ಸೇರಿತ್ತು. ನಮ್ಮ ಸಭೆ ಹಾಕದ ತೆರಿಗೆಯ ಕಾನೂನನ್ನು ಈ ವಸಾಹತಿನ ಜನ ಪಾಲಿಸಬೇಕಾಗಿಲ್ಲ ಅನ್ನುವ ಮಾತು ಅದು. ಜುಲೈ 4ರ 'ಮೇರಿಲ್ಯಾಂಡ್ ಗೆಜೆಟ್' ಕೂಡ ಪಾಸಾಗದ್ದನ್ನು ಪಾಸಾದಂತೆ ಹಾಕಿತು. ಬಾಸ್ಟನ್ ಪತ್ರಿಕೆ ಅದನ್ನು ಎತ್ತಿಕೊಂಡಿತು. ಓದಿದವರೆಲ್ಲ ವರ್ಜೀನಿಯಾ ಇಷ್ಟು ಧೈರ್ಯ ಮಾಡಿದೆ, ನಾವು ಸುಮ್ಮನೆ ಕೂತಿದ್ದೇವಲ್ಲ ಅಂದುಕೊಂಡರು. ಸೆಪ್ಟೆಂಬರಿನಲ್ಲಿ ರೋಡ್ ಐಲೆಂಡಿನ ಸಭೆ ಅದೇ ಧಾಟಿಯ ನಿರ್ಣಯಗಳನ್ನು, ಪಾಲಿಸಬೇಕಾಗಿಲ್ಲ ಅನ್ನುವ ಮಾತನ್ನೂ ಸೇರಿಸಿ, ನಿಜವಾಗಿಯೂ ಪಾಸು ಮಾಡಿತು.

ವರ್ಜೀನಿಯಾದಲ್ಲಿ ನಡೆಯದೇ ಇದ್ದದ್ದು ಪತ್ರಿಕೆಯಲ್ಲಿ ಬಂದು, ಆ ಪತ್ರಿಕೆ ಓದಿದವರು ರೋಡ್ ಐಲೆಂಡಿನಲ್ಲಿ ಅದನ್ನು ನಡೆಸಿಬಿಟ್ಟರು. ಇದನ್ನು ಸುಳ್ಳು ಸುದ್ದಿ ಅಂತ ಪಕ್ಕಕ್ಕಿಟ್ಟರೆ ನೀವು ಅರ್ಧ ಇತಿಹಾಸ ಕಳೆದುಕೊಳ್ಳುತ್ತೀರಿ. ದಫ್ತರದ ನಾಲ್ಕು ನಿರ್ಣಯ ಎಷ್ಟು ಮುಖ್ಯವೋ ಪತ್ರಿಕೆಯ ಆರು ಅದಕ್ಕಿಂತ ಜಾಸ್ತಿ ಮುಖ್ಯ, ಯಾಕೆಂದರೆ ಜನ ಓದಿದ್ದು ಆ ಆರನ್ನು.

ಬಾಸ್ಟನ್ನಿಗೆ ಬನ್ನಿ. ಆಗಸ್ಟ್ 14ರ ಬೆಳಗ್ಗೆ ಊರಿನ ದಕ್ಷಿಣ ಭಾಗದ ಒಂದು ದೊಡ್ಡ ಎಲ್ಮ್ ಮರಕ್ಕೆ ಆಂಡ್ರ್ಯೂ ಆಲಿವರ್‌ನ ಬೊಂಬೆ ನೇತುಹಾಕಿದ್ದರು. ಛಾಪಾ ಕಾಗದ ಹಂಚುವ ಅಧಿಕಾರ ಸಿಕ್ಕಿದ್ದು ಅವನಿಗೆ. ಪಕ್ಕದಲ್ಲಿ ಒಂದು ದೊಡ್ಡ ಬೂಟು, ಅದರೊಳಗಿಂದ ಇಣುಕುವ ಸೈತಾನ. ಬೂಟು ಯಾಕೆಂದರೆ ರಾಜನ ಹಳೆಯ ಮಂತ್ರಿ ಲಾರ್ಡ್ ಬ್ಯೂಟ್‌ನ ಹೆಸರಿಗೆ ಅದು ಹೊಂದುತ್ತದೆ. ಸಂಜೆ ಬೊಂಬೆಯನ್ನು ಶವದಂತೆ ಮೆರವಣಿಗೆ ಮಾಡಿದರು, ಆಲಿವರ್ ಕಟ್ಟಿಸುತ್ತಿದ್ದ ಕಟ್ಟಡ ಕೆಡವಿದರು, ಅವನ ಮನೆಗೂ ನುಗ್ಗಿದರು. ಆಲಿವರ್ ಆ ಕೆಲಸ ಬಿಡಲು ಒಪ್ಪಿದ. ಹನ್ನೆರಡು ದಿನ ಕಳೆದು, 26ರ ರಾತ್ರಿ, ಲೆಫ್ಟಿನೆಂಟ್ ಗವರ್ನರ್ ಥಾಮಸ್ ಹಚಿನ್ಸನ್‌ನ ಮನೆ. ಅಲ್ಲಿ ಉಳಿದದ್ದು ಬರೀ ಗೋಡೆ. ಹಚಿನ್ಸನ್ ಆ ವಸಾಹತಿನ ಇತಿಹಾಸ ಬರೆಯುತ್ತಿದ್ದ, ಅವನ ಹಸ್ತಪ್ರತಿ, ಕೂಡಿಟ್ಟ ಹಳೆಯ ಕಾಗದ ಎಲ್ಲ ಬೀದಿಯ ಕೆಸರಿನಲ್ಲಿ ಬಿದ್ದವು. ಯಾರ ಪಕ್ಷದಲ್ಲಿದ್ದರೂ, ಹಳೆಯ ಕಾಗದಗಳ ಜೊತೆ ಕೆಲಸ ಮಾಡುವ ಯಾರಿಗೇ ಆದರೂ ಇದನ್ನು ಓದುವಾಗ ಹೊಟ್ಟೆ ಉರಿಯುತ್ತದೆ.

ಪತ್ರಿಕೆಗಳಿಗೆ 14ರ ಗುಂಪು ಸ್ವಾತಂತ್ರ್ಯಪ್ರಿಯ ಜನ, 26ರ ಗುಂಪು ಪುಂಡರು. 27ಕ್ಕೆ ಊರಿನ ಸಭೆಯೂ ಸೇರಿ ಹಿಂದಿನ ರಾತ್ರಿಯದನ್ನು ಖಂಡಿಸಿತು. ಆದರೆ ಎರಡೂ ದಿನ ಬೀದಿಯಲ್ಲಿ ಮುಂದೆ ನಿಂತವನು ಅಂತ ಹೆಸರು ಕೇಳಿಬರುವುದು ಒಬ್ಬನದೇ, ಎಬೆನೆಜರ್ ಮ್ಯಾಕಿಂಟಾಶ್, ಚಪ್ಪಲಿ ಹೊಲಿಯುವ ಕೆಲಸದವನು. ಇನ್ನೊಂದು ವಿಷಯ. 14ರದನ್ನು ಹಿಂದೆ ನಿಂತು ನಡೆಸಿದ ಒಂಬತ್ತು ಜನರ ಕೂಟದಲ್ಲಿ ಬೆಂಜಮಿನ್ ಈಡ್ಸ್ ಇದ್ದ. ಈಡ್ಸ್ ಯಾರು? 'ಬಾಸ್ಟನ್ ಗೆಜೆಟ್'ನ ಮುದ್ರಕ. ಮರಕ್ಕೆ ಬೊಂಬೆ ಕಟ್ಟುವ ಯೋಜನೆ ಮಾಡಿದವರಲ್ಲೊಬ್ಬ, ಬೊಂಬೆ ಯಾರು ಕಟ್ಟಿದರೋ ಗೊತ್ತಿಲ್ಲ ಅನ್ನುವ ಧಾಟಿಯಲ್ಲಿ ಸುದ್ದಿ ಅಚ್ಚು ಹಾಕಿದ. 'ಜನ ಸೇರಿದರು', 'ಬೊಂಬೆ ಕಂಡುಬಂತು', 'ಕಟ್ಟಡ ನೆಲಸಮವಾಯಿತು', ಇಂಥ ವಾಕ್ಯ ಕಂಡಾಗ ನಿಂತು, ಮಾಡಿದವರು ಯಾರು ಅಂತ ಕೇಳಬೇಕು. ಕರ್ತೃವನ್ನು ಬಚ್ಚಿಡಲು ಅವರಿಗೆ ಬಲವಾದ ಕಾರಣ ಇತ್ತು, ಹೆಸರು ಬಂದರೆ ನೇಣು.

26ರ ರಾತ್ರಿಯ ಬಗ್ಗೆ ನನ್ನ ಅನಿಸಿಕೆ ಹೇಳುತ್ತೇನೆ. ಆ ಗುಂಪಿನಲ್ಲಿದ್ದ ಹಡಗುಕಟ್ಟೆಯ ಕೂಲಿಗಳು, ಕಸುಬಿನವರು ಛಾಪಾ ಕಾಗದ ಕೊಳ್ಳುವವರೇ ಅಲ್ಲ. ಯುದ್ಧ ಮುಗಿದ ಮೇಲೆ ಕೆಲಸ ಕಡಿಮೆಯಾಗಿತ್ತು, ಬಡತನ ಜಾಸ್ತಿಯಾಗಿತ್ತು. ಅವರ ಸಿಟ್ಟು ಲಂಡನ್ನಿನ ಮೇಲೆ ಎಷ್ಟೋ ಊರಿನ ಮೂರಂತಸ್ತಿನ ಮನೆಗಳ ಮೇಲೂ ಅಷ್ಟೇ. ಪತ್ರಿಕೆ ಮೊದಲನೆಯ ಸಿಟ್ಟಿಗೆ ಮಾತು ಕೊಟ್ಟಿತು, ಎರಡನೆಯದನ್ನು ಪುಂಡಾಟ ಅಂದುಬಿಟ್ಟಿತು. ಆ ಕೂಲಿಯವನು ತನ್ನ ಕಡೆಯಿಂದ ಏನು ಹೇಳುತ್ತಿದ್ದ ಅನ್ನುವುದು ಯಾವ ಕಾಲಮ್ಮಿನಲ್ಲೂ ಸಿಗುವುದಿಲ್ಲ.

ಇದನ್ನೆಲ್ಲ ಮಾಡುತ್ತಿದ್ದವರು ತಮ್ಮ ಕೆಲಸ ಏನು ಅಂತ ಚೆನ್ನಾಗಿ ತಿಳಿದೇ ಮಾಡುತ್ತಿದ್ದರು. ಮುಂದೆ ಅಧ್ಯಕ್ಷನಾದ ಜಾನ್ ಆ್ಯಡಮ್ಸ್ 1769ರ ಸೆಪ್ಟೆಂಬರಿನ ದಿನಚರಿಯಲ್ಲಿ, ಈಡ್ಸ್‌ನ ಪಾಲುದಾರ ಜಾನ್ ಗಿಲ್ ಮುಂತಾದವರ ಜೊತೆ ಒಂದು ಸಂಜೆ ಕೂತು ಮರುದಿನದ ಪತ್ರಿಕೆಗೆ ಪ್ಯಾರಾಗಳನ್ನು, ಘಟನೆಗಳನ್ನು 'ಅಡುಗೆ ಮಾಡಿದೆವು' ಅಂತ ಬರೆದುಕೊಂಡಿದ್ದಾನೆ. ಅದಕ್ಕೂ ಒಂದು ವರ್ಷ ಮೊದಲು ಬಾಸ್ಟನ್ನಿಗೆ ಸೈನ್ಯ ಬಂದಾಗ, ಸೈನಿಕರು ಊರಲ್ಲಿ ಏನೇನು ಮಾಡಿದರು ಅಂತ ದಿನದಿನದ ವರದಿ ಬರೆದು ಮೊದಲು ನ್ಯೂಯಾರ್ಕಿನ ಪತ್ರಿಕೆಗೆ ಕಳಿಸುತ್ತಿದ್ದರು. ಅದು ಬಾಸ್ಟನ್ನಿನಲ್ಲಿ ಅಚ್ಚಾಗುವ ಹೊತ್ತಿಗೆ ವಾರಗಟ್ಟಲೆ ಕಳೆದಿರುತ್ತಿತ್ತು, ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡುವುದು ಯಾರಿಗೂ ಸುಲಭ ಇರಲಿಲ್ಲ.

ಕನೆಕ್ಟಿಕಟ್ಟಿನ ಜಾರೆಡ್ ಇಂಗರ್ಸಾಲ್‌ನ ಪಾಡನ್ನು ಹೇಳದಿದ್ದರೆ ಅನ್ಯಾಯ. ಕಾಯ್ದೆಯ ಚರ್ಚೆ ನಡೆಯುವಾಗ ಅವನು ಲಂಡನ್ನಿನಲ್ಲಿದ್ದ. ಪಾರ್ಲಿಮೆಂಟಿನಲ್ಲಿ ಐಸಾಕ್ ಬಾರೆ ಅಮೆರಿಕದವರ ಪರ ಮಾತಾಡಿ ಅವರನ್ನು 'ಸ್ವಾತಂತ್ರ್ಯದ ಮಕ್ಕಳು' ಅಂದದ್ದನ್ನು ಇಂಗರ್ಸಾಲ್ ಕೇಳಿ, ಮೆಚ್ಚಿ, ಊರಿಗೆ ಪತ್ರ ಬರೆದ. ಪತ್ರ ಪತ್ರಿಕೆಯಲ್ಲಿ ಬಂತು, ಮಾತು ಹಬ್ಬಿತು. ಊರೂರಲ್ಲೂ ಗುಂಪುಗಳು ಅದೇ ಹೆಸರು ಇಟ್ಟುಕೊಂಡವು. ಅಷ್ಟರಲ್ಲಿ ಇಂಗರ್ಸಾಲ್ ಕನೆಕ್ಟಿಕಟ್ಟಿಗೆ ಛಾಪಾ ಕಾಗದ ಹಂಚುವ ಕೆಲಸ ಒಪ್ಪಿಕೊಂಡು ಬಂದಿದ್ದ. ಸೆಪ್ಟೆಂಬರ್ 19ಕ್ಕೆ ವೆದರ್ಸ್‌ಫೀಲ್ಡಿನಲ್ಲಿ ಸುಮಾರು 500 ಕುದುರೆ ಸವಾರರು ಕೋಲು ಹಿಡಿದು ಅವನನ್ನು ಸುತ್ತುವರಿದರು. ಗಂಟೆಗಟ್ಟಲೆ ತಡೆದಿಟ್ಟು ರಾಜೀನಾಮೆ ಬರೆಸಿದರು, ಅದನ್ನು ಗಟ್ಟಿಯಾಗಿ ಓದಿಸಿದರು, 'ಸ್ವಾತಂತ್ರ್ಯ, ಆಸ್ತಿ' ಅಂತ ಮೂರು ಸಲ ಕೂಗಿಸಿದರು. ಹಾಗೆ ಕೂಗಿಸಿದವರು ತಮ್ಮನ್ನು ಕರೆದುಕೊಳ್ಳುತ್ತಿದ್ದ ಹೆಸರು ಅವನ ಪತ್ರದಿಂದಲೇ ಬಂದದ್ದು.

ನವೆಂಬರ್ 1 ಬಂತು. ನ್ಯೂಯಾರ್ಕಿನಲ್ಲಿ ಗವರ್ನರ್ ಸ್ಥಾನದಲ್ಲಿದ್ದ ಕ್ಯಾಡ್ವಾಲಡರ್ ಕೋಲ್ಡನ್‌ನ ಸಾರೋಟು ಸುಟ್ಟರು. ನ್ಯೂ ಹ್ಯಾಂಪ್‌ಷೈರಿನ ಪೋರ್ಟ್ಸ್‌ಮತ್‌ನಲ್ಲಿ 'ಸ್ವಾತಂತ್ರ್ಯ'ಕ್ಕೆ ಶವಪೆಟ್ಟಿಗೆ ಮಾಡಿ ಹೂಳಲು ಒಯ್ದರು, ಗುಂಡಿಯ ಹತ್ತಿರ ಹೋದಾಗ ಉಸಿರಿದೆ ಅಂತ ಸಾರಿ ಎತ್ತಿಕೊಂಡು ಬಂದರು. ಪತ್ರಿಕೆಗಳ ದಾರಿ ಬೇರೆ ಬೇರೆ. ಫಿಲಡೆಲ್ಫಿಯಾದ ಇನ್ನೊಂದು ಪತ್ರಿಕೆ ತನ್ನ ಹೆಸರನ್ನೇ ತೆಗೆದು 'ಛಾಪಾ ಕಾಗದ ಸಿಗುತ್ತಿಲ್ಲ' ಅಂತ ತಲೆಬರಹ ಹಾಕಿ ಬಂತು. ನಿಂತುಹೋಗಿದ್ದ 'ಮೇರಿಲ್ಯಾಂಡ್ ಗೆಜೆಟ್' ಡಿಸೆಂಬರಿನಲ್ಲಿ ತಾನು ಆ ಪತ್ರಿಕೆಯ ದೆವ್ವ ಅಂತ ಹೇಳಿಕೊಂಡು ಒಂದು ಸಂಚಿಕೆ ತಂದಿತು. ಈಡ್ಸ್ ಮಾತ್ರ ಏನೂ ಆಗಿಲ್ಲ ಅನ್ನುವಂತೆ ಮುದ್ರೆ ಇಲ್ಲದೆಯೇ ಅಚ್ಚು ಹಾಕುತ್ತಾ ಹೋದ. ಚಾರ್ಲ್ಸ್‌ಟನ್ನಿನ ಪೀಟರ್ ತಿಮೊತಿ ಕಾನೂನಿಗೆ ಹೆದರಿ ಪತ್ರಿಕೆ ನಿಲ್ಲಿಸಿದ, ಅವನ ಬದಲು ಚಾರ್ಲ್ಸ್ ಕ್ರೌಚ್ ಮುದ್ರೆ ಇಲ್ಲದ ಹೊಸ ಪತ್ರಿಕೆ ಶುರು ಮಾಡಿದ, ಜನ ಆ ಕಡೆ ಹೋದರು.

1766ರ ಮಾರ್ಚ್ 18ಕ್ಕೆ ಕಾಯ್ದೆ ರದ್ದಾಯಿತು. ಸುದ್ದಿ ಬಾಸ್ಟನ್ ಮುಟ್ಟಿದ್ದು ಮೇ 16ಕ್ಕೆ. ಒಬ್ಬರಿಗೊಬ್ಬರು ಆಗದ ಮುದ್ರಕರೆಲ್ಲ ಸೇರಿ ಒಂದೇ ಹಾಳೆ ಅಚ್ಚು ಹಾಕಿ, ತಮ್ಮ ಗಿರಾಕಿಗಳಿಗೆ ಪುಕ್ಕಟೆ ಕೊಟ್ಟರು. ಆದರೆ ರದ್ದು ಮಾಡಿದ ದಿನವೇ ಪಾರ್ಲಿಮೆಂಟು ಇನ್ನೊಂದು ಕಾಯ್ದೆಯನ್ನೂ ಪಾಸು ಮಾಡಿತ್ತು. ವಸಾಹತುಗಳ ಮೇಲೆ ಯಾವ ವಿಷಯದಲ್ಲೇ ಆಗಲಿ ಕಾನೂನು ಮಾಡುವ ಹಕ್ಕು ತನಗಿದೆ ಅಂತ. ಗಂಟೆ ಬಾರಿಸಿ, ದೀಪ ಹಚ್ಚಿ ಸಂಭ್ರಮಿಸುತ್ತಿದ್ದವರು ಆ ಹೊತ್ತಿಗೆ ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನಮ್ಮ ಕಡೆಯ ಒಂದು ಮಾತು. 1769ರಲ್ಲಿ ಹೈದರಾಲಿ ಮದ್ರಾಸಿನ ಬಾಗಿಲಿಗೇ ಬಂದು ನಿಂತ. ಆ ಯುದ್ಧದ ಸುದ್ದಿ ಲಂಡನ್ನಿಗೆ ಮುಟ್ಟಿದಾಗ ಈಸ್ಟ್ ಇಂಡಿಯಾ ಕಂಪನಿಯ ಷೇರು ಬಿತ್ತು. ಆಮೇಲೆ ಬಂಗಾಳದ ಕ್ಷಾಮ, 1772ರಲ್ಲಿ ಲಂಡನ್ನಿನ ಬ್ಯಾಂಕುಗಳ ಕುಸಿತ, ಗೋದಾಮಿನಲ್ಲಿ ಮಾರಾಟವಾಗದ ಚಹಾದ ರಾಶಿ. ಆ ಕಂಪನಿಯನ್ನು ಉಳಿಸಲು 1773ರಲ್ಲಿ ತಂದ ಚಹಾ ಕಾಯ್ದೆಯೇ ಬಾಸ್ಟನ್ನಿನಲ್ಲಿ 342 ಪೆಟ್ಟಿಗೆ ಚಹಾ ಸಮುದ್ರಕ್ಕೆ ಬೀಳುವಂತೆ ಮಾಡಿತು. ಹೈದರನಿಂದಲೇ ಎಲ್ಲ ಆಯಿತು ಅಂತ ನಾನು ಹೇಳುತ್ತಿಲ್ಲ, ಅದು ಜಾಸ್ತಿಯಾದೀತು. ಆದರೆ ಅಮೆರಿಕದವರಿಗೆ ಅವನ ಹೆಸರು ಗೊತ್ತಿತ್ತು. 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧ ಹಡಗಿಗೆ 'ಹೈದರ್ ಅಲಿ' ಅಂತಲೇ ಹೆಸರಿಟ್ಟಿದ್ದರು, ಆ ಹಡಗು ಏಪ್ರಿಲ್ 8ರಂದು ಬ್ರಿಟಿಷರ 'ಜನರಲ್ ಮಾಂಕ್' ಹಡಗನ್ನು ಹಿಡಿಯಿತು.

ಈಗ ಮತ್ತೆ ಬ್ರಾಡ್‌ಫರ್ಡ್‌ನ ಬಳಿ ಹೋಗಬೇಕು, ಯಾಕೆಂದರೆ ಅವನ 'ಸಹಿಸಲಾಗದ ಗುಲಾಮಗಿರಿ' ಅನ್ನುವ ಮಾತನ್ನು ಹಾಗೇ ಬಿಟ್ಟು ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಅವನಿಗೆ ಅಚ್ಚುಕೂಟದ ಜೊತೆಗೆ ಒಂದು ಕಾಫಿ ಅಂಗಡಿ ಇತ್ತು, 1754ರಲ್ಲಿ ತೆರೆದ 'ಲಂಡನ್ ಕಾಫಿ ಹೌಸ್'. ಊರಿನ ವ್ಯಾಪಾರಿಗಳು, ಹಡಗಿನವರು ಸೇರುತ್ತಿದ್ದ ಜಾಗ. ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಅದರ ಮುಂದೆ ಹರಾಜು ಹಾಕುತ್ತಿದ್ದರು. ತೆರಿಗೆಯನ್ನು ಸರಪಳಿ ಅಂದ ಪತ್ರಿಕೆಗಳಲ್ಲೇ ಓಡಿಹೋದ ಗುಲಾಮರನ್ನು ಹಿಡಿದುಕೊಡಿ ಅನ್ನುವ ಜಾಹೀರಾತು ಬರುತ್ತಿತ್ತು. ಬಾಸ್ಟನ್ನಿನಲ್ಲೂ ಬರುತ್ತಿತ್ತು, ಚಾರ್ಲ್ಸ್‌ಟನ್ನಿನಲ್ಲಂತೂ ಕಾಲಮ್ಮುಗಟ್ಟಲೆ. ಕಾಯ್ದೆಯ ಪ್ರಕಾರ ಒಂದೊಂದಕ್ಕೂ 2 ಷಿಲಿಂಗ್. ಮುದ್ರಕರಿಗೆ ಕಳೆದುಹೋಗುತ್ತದೆ ಅನ್ನುವ ಭಯ ಇದ್ದ ವರಮಾನದಲ್ಲಿ ಇದೂ ಒಂದು ಪಾಲು.

1766ರ ಜನವರಿಯಲ್ಲಿ ಚಾರ್ಲ್ಸ್‌ಟನ್ನಿನ ಬೀದಿಯಲ್ಲಿ ಕೆಲವು ಕಪ್ಪು ಜನ 'ಸ್ವಾತಂತ್ರ್ಯ' ಅಂತ ಕೂಗಿದರು. ಎರಡು ಮೂರು ತಿಂಗಳಿಂದ ಅವರ ಧಣಿಗಳು ಅದೇ ಬೀದಿಗಳಲ್ಲಿ ಕೂಗುತ್ತಿದ್ದದ್ದು ಅದೇ ಮಾತು. ಊರಿಗೆ ಊರೇ ದಂಗೆ ಎದ್ದಿತೆಂದು ಹೆದರಿ ಬಂದೂಕು ಹಿಡಿದು ಕಾವಲು ಕಾಯಿತು. ಇದು ನಮಗೆ ಗೊತ್ತಿರುವುದು ಅಲ್ಲಿನ ವ್ಯಾಪಾರಿ ಹೆನ್ರಿ ಲಾರೆನ್ಸ್ ಬರೆದ ಖಾಸಗಿ ಪತ್ರದಿಂದ. ಲಾರೆನ್ಸ್ ತಾನೇ ಗುಲಾಮರ ವ್ಯಾಪಾರದಿಂದ ಶ್ರೀಮಂತನಾದವನು, ತಮಗಿಂತ ಮೇಲಿನವರನ್ನು ನೋಡಿ ಅಣಕಿಸಿದರು ಅಂತಷ್ಟೇ ಬರೆದ.

ಹಾಗಾಗಿ ಈ ಪತ್ರಿಕೆಗಳ ಪುಟ ಸಿಕ್ಕಿದಾಗ (ಈಗ ಬಹಳಷ್ಟು ಅಂತರ್ಜಾಲದಲ್ಲೇ ಸಿಗುತ್ತವೆ) ದಯವಿಟ್ಟು ಕೊನೆಯ ಪುಟದಿಂದ ಓದಲು ಶುರು ಮಾಡಿ. ಓಡಿಹೋದವರ ಜಾಹೀರಾತಿನಲ್ಲಿ ವಯಸ್ಸು, ಎತ್ತರ, ಹಾಕಿಕೊಂಡಿದ್ದ ಅಂಗಿಯ ಬಣ್ಣ, ಗೊತ್ತಿದ್ದ ಕಸುಬು, ಮಾತಾಡುವ ಭಾಷೆ, ಮೈಮೇಲಿನ ಬರೆ ಎಲ್ಲ ಇರುತ್ತದೆ. ಬರೆಸಿದವನು ಧಣಿ, ಅವರನ್ನು ಹಿಡಿಯಲು ಬರೆಸಿದ್ದು. ಆದರೂ ಅವರಲ್ಲಿ ಎಷ್ಟೋ ಜನರ ಬಗ್ಗೆ ಇವತ್ತು ಉಳಿದಿರುವುದು ಆ ನಾಲ್ಕೈದು ಸಾಲು ಮಾತ್ರ, ಅದನ್ನು ಓದಿ ಮುಗಿಸಿದ ಮೇಲೆ ಮೊದಲ ಪುಟದ ಗೋರಿಕಲ್ಲಿಗೆ ಹೋಗಿ.